ಓದುಗರ ಪ್ರಶ್ನೆಗೆ ಉತ್ತರ: ‘ಜೂರಾ’ ಎನ್ನಬೇಕೆ, ‘ದಿ ಜೂರಾ’ ಎನ್ನಬೇಕೆ?

ಪ್ರಶ್ನೆ: ಮಾನ್ಯರೇ, ನಾನು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತೇನೆ. ನನ್ನ ವಿದ್ಯಾರ್ಥಿನಿಯೊಬ್ಬಳು ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ಗಡಿಯಲ್ಲಿರುವ ಜೂರಾ ಪರ್ವತಗಳ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಸಿದ್ಧಪಡಿಸಿದ್ದಾಳೆ. ಅದರಲ್ಲಿ ಒಂದು ಕಡೆ ‘ಇನ್ ಜೂರಾ’ ಎಂದಿದೆ, ಇನ್ನೊಂದು ಕಡೆ ‘ಇನ್ ದಿ ಜೂರಾ’ ಎಂದಿದೆ, ಮತ್ತೊಂದು ಕಡೆ ‘ದಿ ಜೂರಾಸ್’ ಎಂದಿದೆ. ‘ದಿ ಆಲ್ಪ್ಸ್’, ‘ದಿ ಹಿಮಾಲಯಾಸ್’ ಎಂದು ಬಹುವಚನದಲ್ಲಿ ಬರೆಯುವಾಗ ಇದನ್ನೂ ಹಾಗೆಯೇ ಬರೆಯಬಹುದಲ್ಲವೇ ಎಂದು ಅವಳು ಕೇಳುತ್ತಾಳೆ. ಮೂರರಲ್ಲಿ ಯಾವುದು ಸರಿ? ಒಂದು ‘ದಿ’ ಇದ್ದರೆಷ್ಟು, ಬಿಟ್ಟರೆಷ್ಟು ಎಂದು ಸುಮ್ಮನಿರಬಹುದೇ?
— ಉಪನ್ಯಾಸಕರೊಬ್ಬರು, ಧಾರವಾಡ

ಉತ್ತರ: ಪರ್ವತ ಶ್ರೇಣಿಯನ್ನು ಕುರಿತು ಬರೆಯುವಾಗ ‘ಇನ್ ದಿ ಜೂರಾ’ ಎಂಬುದೇ ಸರಿಯಾದ ರೂಪ. ‘ಇನ್ ದಿ ಜೂರಾ ಮೌಂಟನ್ಸ್’ ಎಂದೂ ಬರೆಯಬಹುದು. ‘ದಿ ಜೂರಾಸ್’ ಎಂಬುದನ್ನು ಬಿಡುವುದು ಒಳ್ಳೆಯದು. ಇನ್ನು ‘ಇನ್ ಜೂರಾ’ ಎಂಬ ರೂಪದ ವಿಷಯದಲ್ಲಿ ಸುಮ್ಮನಿರಲಾಗದು. ಏಕೆಂದರೆ ಅದು ಬರೀ ವ್ಯಾಕರಣದ ಸಣ್ಣ ತಪ್ಪಾಗಿ ನಿಲ್ಲದೆ, ಎಷ್ಟೋ ಸಲ ಓದುಗರನ್ನು ಬೇರೆಯೇ ಒಂದು ಜಾಗಕ್ಕೆ ಕರೆದೊಯ್ಯುತ್ತದೆ.

ಇದು ಏಕೆ ಹೀಗೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ‘ಜೂರಾ’ ಎಂಬ ಒಂದೇ ಹೆಸರು ಕಡೆಯ ಪಕ್ಷ ನಾಲ್ಕು ಸ್ಥಳಗಳಿಗೆ ಸಲ್ಲುತ್ತದೆ. ಮೊದಲನೆಯದು, ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡುಗಳ ನಡುವೆ ಬಾಗಿಕೊಂಡು ಸಾಗುವ ಸುಣ್ಣಕಲ್ಲಿನ ಪರ್ವತ ಶ್ರೇಣಿ. ಎರಡನೆಯದು, ಆ ಶ್ರೇಣಿಯಿಂದಲೇ ಹೆಸರು ಪಡೆದ ಫ್ರಾನ್ಸಿನ ಒಂದು ಆಡಳಿತ ವಿಭಾಗ. ಅಲ್ಲಿ ಇಂಥ ವಿಭಾಗಗಳಿಗೆ ಡಿಪಾರ್ಟ್‌ಮೆಂಟ್ ಎನ್ನುತ್ತಾರೆ, ನಮ್ಮ ಜಿಲ್ಲೆಗೆ ಹೆಚ್ಚು ಕಡಿಮೆ ಸಮಾನವಾದ ಘಟಕ ಅದು. ಮೂರನೆಯದು, ಸ್ವಿಟ್ಜರ್ಲೆಂಡಿನ ಒಕ್ಕೂಟದಲ್ಲಿ 1979ರ ಜನವರಿ 1ರಂದು ಹೊಸದಾಗಿ ಸೇರಿದ ಜೂರಾ ಕ್ಯಾಂಟನ್, ಅಂದರೆ ಅಲ್ಲಿನ ಒಂದು ರಾಜ್ಯ. ಅದರ ರಾಜಧಾನಿ ದೆಲೆಮೋಂ. ನಾಲ್ಕನೆಯದು ಇವು ಯಾವುದಕ್ಕೂ ಸಂಬಂಧವಿಲ್ಲದ, ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆ ಇರುವ ಒಂದು ದ್ವೀಪ. ಇಂಗ್ಲಿಷಿನಲ್ಲಿ ಈ ನಾಲ್ಕನ್ನೂ ಬೇರ್ಪಡಿಸಿ ತೋರಿಸುವ ಕೆಲಸವನ್ನು ಆ ಪುಟ್ಟ ‘ದಿ’ ಮತ್ತು ಅದರ ಹಿಂದುಮುಂದಿನ ಪದಗಳು ಮಾಡುತ್ತವೆ. ‘ಇನ್ ದಿ ಜೂರಾ’ ಎಂದರೆ ಪರ್ವತಗಳಲ್ಲಿ. ‘ಇನ್ ದಿ ಜೂರಾ ಡಿಪಾರ್ಟ್‌ಮೆಂಟ್’ ಎಂದರೆ ಫ್ರೆಂಚ್ ಆಡಳಿತ ಘಟಕದಲ್ಲಿ. ‘ಇನ್ ದಿ ಕ್ಯಾಂಟನ್ ಆಫ್ ಜೂರಾ’ ಎಂದರೆ ಸ್ವಿಟ್ಜರ್ಲೆಂಡಿನ ಕ್ಯಾಂಟನ್ನಿನಲ್ಲಿ. ‘ಆನ್ ಜೂರಾ’ ಎಂದರೆ ದ್ವೀಪದ ಮೇಲೆ. ಬ್ರಿಟನ್ನಿನ ಓದುಗರೊಬ್ಬರು ‘ದಿ’ ಇಲ್ಲದ ‘ಜೂರಾ’ವನ್ನು ಕಂಡರೆ ಅವರ ಮನಸ್ಸು ಮೊದಲು ಹೋಗುವುದು ಆ ದ್ವೀಪದ ಕಡೆಗೇ.

ಕನ್ನಡದಲ್ಲಿ ಆರ್ಟಿಕಲ್ ಇಲ್ಲ. ಆದ್ದರಿಂದ ‘ಜೂರಾದಲ್ಲಿ’ ಎಂದರೆ ನಮಗೆ ಮುಗಿಯಿತು. ಪರ್ವತವೋ ಜಿಲ್ಲೆಯೋ ಎಂಬುದನ್ನು ಸಂದರ್ಭ ನೋಡಿಕೊಳ್ಳುತ್ತದೆ. ಹಾಗಾಗಿ ನಿಮ್ಮ ವಿದ್ಯಾರ್ಥಿನಿಗೆ ‘ದಿ’ ಬಿಟ್ಟುಹೋದದ್ದರಲ್ಲಿ ಅಚ್ಚರಿಯೇನಿಲ್ಲ. ಇಂಗ್ಲಿಷಿನ ಪದ್ಧತಿ ಏನೆಂದರೆ, ಒಂಟಿ ಶಿಖರಗಳ ಹೆಸರಿಗೆ ಸಾಮಾನ್ಯವಾಗಿ ‘ದಿ’ ಬರುವುದಿಲ್ಲ, ಪರ್ವತ ಶ್ರೇಣಿಗಳಿಗೆ ಬರುತ್ತದೆ. ‘ಮೋಂ ಬ್ಲಾಂ’, ‘ಎವರೆಸ್ಟ್’ ಎಂಬ ಶಿಖರಗಳು ‘ದಿ’ ಇಲ್ಲದೆ ನಿಲ್ಲುತ್ತವೆ. ‘ದಿ ಆಲ್ಪ್ಸ್’, ‘ದಿ ಪಿರನೀಸ್’ ಎಂಬ ಶ್ರೇಣಿಗಳು ನಿಲ್ಲುವುದಿಲ್ಲ. ಇದಕ್ಕೂ ಅಪವಾದಗಳಿವೆ. ಜರ್ಮನ್ ಹೆಸರಿನ ಶಿಖರಗಳಾದ ಮ್ಯಾಟರ್‌ಹಾರ್ನ್ ಮತ್ತು ಐಗರ್‌ಗಳಿಗೆ ಇಂಗ್ಲಿಷಿನಲ್ಲಿಯೂ ‘ದಿ’ ಉಳಿದುಕೊಂಡಿದೆ. ಆದರೆ ಶ್ರೇಣಿಗೆ ‘ದಿ’ ಎಂಬ ನಿಯಮ ಮಾತ್ರ ಗಟ್ಟಿಯಾದದ್ದು.

ಇನ್ನು ಬಹುವಚನದ ಪ್ರಶ್ನೆ. ಶ್ರೇಣಿಗಳೆಲ್ಲ ಬಹುವಚನದಲ್ಲೇ ಇರಬೇಕೆಂಬ ನಿಯಮ ಇಂಗ್ಲಿಷಿನಲ್ಲಿಲ್ಲ. ‘ದಿ ಕಾಕಸಸ್’, ‘ದಿ ಕಾರಕೋರಂ’, ‘ದಿ ಹಿಂದೂ ಕುಶ್’ ಎಲ್ಲವೂ ಏಕವಚನಗಳೇ. ಕಾಕಸಸ್ಸಿನ ಕೊನೆಯ ‘ಸ್’ ಬಹುವಚನದ ಗುರುತಲ್ಲ. ಜೂರಾ ಈ ಗುಂಪಿಗೆ ಸೇರಿದ ಹೆಸರು. ಅದರ ಏಕವಚನಕ್ಕೆ ಬಹಳ ಹಳೆಯ ಆಧಾರವೂ ಇದೆ. ಗಾಲ್ ನಾಡಿನ ಯುದ್ಧಗಳನ್ನು ವರ್ಣಿಸುತ್ತ ಜೂಲಿಯಸ್ ಸೀಸರ್, ಹೆಲ್ವೆಷಿಯನ್ನರು ಮತ್ತು ಸೆಕ್ವಾನಿಗಳು ಎಂಬ ಎರಡು ಬುಡಕಟ್ಟುಗಳ ನಡುವೆ ಎತ್ತರವಾಗಿ ನಿಂತಿರುವ ‘ಯೂರಾ ಬೆಟ್ಟ’ವನ್ನು ಏಕವಚನದಲ್ಲಿಯೇ ಹೆಸರಿಸುತ್ತಾನೆ. ಫ್ರೆಂಚರು ಇಂದಿಗೂ ‘ಲ ಜೂರಾ’ ಎಂದು ಏಕವಚನದ ಆರ್ಟಿಕಲ್ ಹಚ್ಚಿ ಹೇಳುತ್ತಾರೆ. ಎರಡು ಸಾವಿರ ವರ್ಷ ಒಂದಾಗಿ ಬಂದ ಹೆಸರಿಗೆ ಈಗ ನಾವು ‘ಸ್’ ಹಚ್ಚುವ ಅಗತ್ಯವಿಲ್ಲ. ಕ್ರಿಯಾಪದವೂ ಇದನ್ನೇ ಅನುಸರಿಸುತ್ತದೆ: ‘ದಿ ಜೂರಾ ಈಸ್’, ಆದರೆ ‘ದಿ ಜೂರಾ ಮೌಂಟನ್ಸ್ ಆರ್’. ಅವಳು ಉದಾಹರಿಸಿದ ಹಿಮಾಲಯದ ವಿಷಯವನ್ನೂ ಅವಳಿಗೆ ತಿಳಿಸಿ. ನಮ್ಮ ಭಾಷೆಗಳಲ್ಲಿ ಹಿಮಾಲಯ ಏಕವಚನವೇ. ‘ಹಿಮಾಲಯಾಸ್’ ಎಂಬುದು ಇಂಗ್ಲಿಷರ ಬಳಕೆಯಿಂದ ಬಂದದ್ದು, ಮತ್ತು ಇಂದಿಗೂ ಅನೇಕ ಭೂವಿಜ್ಞಾನಿಗಳು ಹಾಗೂ ಪರ್ವತಾರೋಹಿಗಳು ‘ದಿ ಹಿಮಾಲಯ’ ಎಂದೇ ಬರೆಯುತ್ತಾರೆ.

ಈಗ ಹೆಚ್ಚು ಗಂಭೀರವಾದ ವಿಷಯಕ್ಕೆ ಬರುತ್ತೇನೆ. ಪರ್ವತವನ್ನೂ ಡಿಪಾರ್ಟ್‌ಮೆಂಟನ್ನೂ ಒಂದೇ ಎಂದು ತಿಳಿದರೆ ಸತ್ಯಾಂಶದಲ್ಲಿಯೇ ತಪ್ಪುಗಳಾಗುತ್ತವೆ. ಫ್ರಾನ್ಸಿನ ಕ್ರಾಂತಿಕಾರರು 1790ರಲ್ಲಿ ಹಳೆಯ ಪ್ರಾಂತಗಳನ್ನು ಒಡೆದು 83 ಡಿಪಾರ್ಟ್‌ಮೆಂಟ್‌ಗಳನ್ನು ರಚಿಸಿದಾಗ, ಹಳೆಯ ದೊರೆತನಗಳ ನೆನಪು ಅಳಿಯಲೆಂದು ಹೆಚ್ಚಿನವಕ್ಕೆ ನದಿ, ಪರ್ವತಗಳ ಹೆಸರುಗಳನ್ನೇ ಇಟ್ಟರು. ಆದರೆ ಹೆಸರು ಕೊಟ್ಟ ಬೆಟ್ಟ ಒಂದು ಗಡಿಯೊಳಗೆ ನಿಲ್ಲುವಂಥದ್ದಲ್ಲವಲ್ಲ! ಜೂರಾ ಶ್ರೇಣಿಯ ಅತ್ಯುನ್ನತ ಶಿಖರ ಕ್ರೆ ದ ಲಾ ನೇಜ್. ಎತ್ತರ ಸುಮಾರು 1,720 ಮೀಟರ್. ಅದು ಜೂರಾ ಡಿಪಾರ್ಟ್‌ಮೆಂಟಿನಲ್ಲಿಲ್ಲ, ದಕ್ಷಿಣದ ಆ್ಯಂ ಡಿಪಾರ್ಟ್‌ಮೆಂಟಿನಲ್ಲಿದೆ. ಆದ್ದರಿಂದ ‘ಜೂರಾದ ಅತಿ ಎತ್ತರದ ಶಿಖರ’ ಎಂದು ಇಂಗ್ಲಿಷಿನಲ್ಲಿ ಬರೆಯುವವರು ‘ಆಫ್ ದಿ ಜೂರಾ’ ಎಂದರೆ ಮಾತ್ರ ನಿಜ ಹೇಳಿದಂತೆ. ‘ಆಫ್ ಜೂರಾ’ ಎಂದು ಬರೆದು ಓದುಗರು ಅದನ್ನು ಡಿಪಾರ್ಟ್‌ಮೆಂಟ್ ಎಂದು ತಿಳಿದರೆ ವಾಕ್ಯವೇ ಸುಳ್ಳಾಗುತ್ತದೆ.

ಇದಕ್ಕೆ ತಿರುಗುಮುರುಗಾದ ಉದಾಹರಣೆ ಲೂಯಿ ಪಾಶ್ಚರ್. ಅವರು 1822ರಲ್ಲಿ ದೋಲ್ ಪಟ್ಟಣದಲ್ಲಿ ಜನಿಸಿದರು. ದೋಲ್ ಇರುವುದು ಜೂರಾ ಡಿಪಾರ್ಟ್‌ಮೆಂಟಿನಲ್ಲಿ, ಆದರೆ ದೂ ನದಿಯ ದಂಡೆಯ ತಗ್ಗು ನೆಲದಲ್ಲಿ; ಬೆಟ್ಟಗಳಿರುವುದು ಅದರ ಪೂರ್ವಕ್ಕೆ. ಅವರು ಬಾಲ್ಯ ಕಳೆದ ಆರ್ಬ್ವಾ ಕೂಡ ಬೆಟ್ಟದ ಬುಡದ ಊರೇ ಹೊರತು ಬೆಟ್ಟದ ಮೇಲಿನದಲ್ಲ. ಪಾಶ್ಚರ್ ‘ಜೂರಾ ಪರ್ವತಗಳಲ್ಲಿ’ ಹುಟ್ಟಿದರು ಎಂದು ಬರೆಯುವುದು ತಪ್ಪು. ‘ಜೂರಾ ಡಿಪಾರ್ಟ್‌ಮೆಂಟಿನಲ್ಲಿ’ ಹುಟ್ಟಿದರು ಎಂಬುದು ಸರಿ. ಸ್ವಿಟ್ಜರ್ಲೆಂಡಿನ ಕಡೆಗೂ ಇದೇ ತೊಡಕಿದೆ. ಗಡಿಯಾರಗಳಿಗೆ ಹೆಸರಾದ ಲಾ ಶೋ-ದ-ಫೋಂ ಮತ್ತು ಲ ಲೋಕ್ಲ್ ಪಟ್ಟಣಗಳು 2009ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವು ಜೂರಾ ಪರ್ವತಗಳಲ್ಲಿವೆ, ಆದರೆ ಜೂರಾ ಕ್ಯಾಂಟನ್ನಿನಲ್ಲಿ ಇಲ್ಲ. ನೆಶಾಟೆಲ್ ಕ್ಯಾಂಟನ್ನಿಗೆ ಸೇರಿವೆ. ಜೂರಾ ಕ್ಯಾಂಟನ್ ಹುಟ್ಟಿದ್ದೇ ಬರ್ನ್ ಕ್ಯಾಂಟನ್ನಿನಿಂದ ಬೇರೆಯಾಗಬೇಕೆಂಬ ದಶಕಗಳ ಹೋರಾಟದಿಂದ. ಅಲ್ಲಿನ ಜನರ ಪಾಲಿಗೆ ಈ ಹೆಸರಿನ ಗಡಿ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಮತ ಹಾಕಿ ತೀರ್ಮಾನಿಸಿಕೊಂಡ ವಿಷಯ. ದೂರದಲ್ಲಿ ಕುಳಿತು ಬರೆಯುವ ನಾವು ಅದನ್ನು ಕಲಸಿಬಿಡಬಾರದು.

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಡಿಪಾರ್ಟ್‌ಮೆಂಟನ್ನು ಸೂಚಿಸುವಾಗಲೂ ‘ಇನ್ ದಿ ಜೂರಾ’ ಎಂದು ಬರೆಯುವ ಒಳ್ಳೆಯ ಇಂಗ್ಲಿಷ್ ಲೇಖಕರಿದ್ದಾರೆ. ಫ್ರೆಂಚರು ‘ದಾಂ ಲ ಜೂರಾ’ ಎನ್ನುವುದರ ಪ್ರಭಾವ ಅದು. ‘ದಿ ದೋರ್ದೋಞ್’, ‘ದಿ ಆರ್ದೆಶ್’ ಎಂದು ನದಿಗಳ ಹೆಸರಿನ ಡಿಪಾರ್ಟ್‌ಮೆಂಟ್‌ಗಳಿಗೂ ಇಂಗ್ಲಿಷಿನಲ್ಲಿ ‘ದಿ’ ಹಚ್ಚುವ ರೂಢಿಯಿದೆ. ಅದನ್ನು ತಪ್ಪೆನ್ನಲಾಗದು. ಆದರೆ ಪ್ರಬಂಧದಲ್ಲಿ, ಅದೂ ಭೂಗೋಳದ ಪ್ರಬಂಧದಲ್ಲಿ, ಎರಡು ಅರ್ಥಕ್ಕೆ ಎಡೆಯಾಗದಂತೆ ‘ಡಿಪಾರ್ಟ್‌ಮೆಂಟ್’ ಎಂಬ ಪದವನ್ನು ಸೇರಿಸಿಬಿಡುವುದು ನನ್ನ ಸಲಹೆ. ಒಂದು ಪದ ಹೆಚ್ಚಾದರೂ ಅನುಮಾನ ಉಳಿಯುವುದಿಲ್ಲ.

ನಿಮ್ಮ ವಿದ್ಯಾರ್ಥಿನಿ ಗಮನಿಸಬೇಕಾದ ಇನ್ನೊಂದು ಸೂಕ್ಷ್ಮವಿದೆ. ಈ ಹೆಸರು ಬೇರೊಂದು ನಾಮಪದದ ವಿಶೇಷಣವಾಗಿ ಬಂದಾಗ ಅದಕ್ಕೆ ತನ್ನದೆಂಬ ‘ದಿ’ ಇರುವುದಿಲ್ಲ. ಆರ್ಟಿಕಲ್ ಏನಿದ್ದರೂ ಮುಂದಿನ ನಾಮಪದಕ್ಕೆ ಸೇರುತ್ತದೆ. ‘ಎ ಜೂರಾ ವಿಲೇಜ್’, ‘ಜೂರಾ ವೈನ್’ ಎಂಬುವು ಸರಿ. ವೈನನ್ನು ಸಾಮಾನ್ಯವಾಗಿ ಹೇಳುವಾಗ ‘ದಿ ಜೂರಾ ವೈನ್’ ಎನ್ನುವುದು ಸರಿಯಲ್ಲ; ‘ದಿ ವೈನ್ಸ್ ಆಫ್ ದಿ ಜೂರಾ’ ಎಂದು ಬಿಡಿಸಿ ಬರೆದಾಗ ‘ದಿ’ ಮತ್ತೆ ಬರುತ್ತದೆ. ‘ಜೂರಾಸಿಕ್’ ಎಂಬ ಪದವನ್ನಂತೂ ಈ ಪ್ರದೇಶದ ವಿಶೇಷಣವಾಗಿ ಬಳಸಲೇಬಾರದು. ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ 18ನೆಯ ಶತಮಾನದ ಕೊನೆಯಲ್ಲಿ ಇಲ್ಲಿನ ಶಿಲೆಗೆ ‘ಜೂರಾ ಸುಣ್ಣಕಲ್ಲು’ ಎಂದು ಹೆಸರಿಟ್ಟ ಮೇಲೆ, ಆ ಹೆಸರೇ ಬೆಳೆದು ಸುಮಾರು 20 ಕೋಟಿ ವರ್ಷಗಳ ಹಿಂದೆ ತೊಡಗಿ 14.5 ಕೋಟಿ ವರ್ಷಗಳ ಹಿಂದೆ ಮುಗಿದ ಒಂದು ಭೂಯುಗದ ಹೆಸರಾಯಿತು. ಇಂದು ‘ಜೂರಾಸಿಕ್ ಲೈಮ್‌ಸ್ಟೋನ್’ ಎಂದರೆ ಆ ಯುಗದ ಸುಣ್ಣಕಲ್ಲು. ಅದು ಕಚ್ಛ್‌ನಲ್ಲೂ ಇರಬಹುದು, ಇಂಗ್ಲೆಂಡಿನಲ್ಲೂ ಇರಬಹುದು. ಕಲ್ಲಿನ ವ್ಯಾಪಾರಿಗಳು ‘ಜೂರಾ ಲೈಮ್‌ಸ್ಟೋನ್’ ಎಂದಾಗ ಹೆಚ್ಚಾಗಿ ಹೇಳುವುದು ಜರ್ಮನಿಯ ಬವೇರಿಯಾದ ಗಣಿಗಳ ಕಲ್ಲನ್ನು. ಅಲ್ಲಿಯೂ ಫ್ರಾಂಕೋನಿಯನ್ ಜೂರಾ ಎಂಬ ಬೆಟ್ಟಸಾಲು ಇದೆ. ಹಾಗಾಗಿ ಪ್ರಬಂಧದ ಆರಂಭದಲ್ಲೊಮ್ಮೆ ‘ದಿ ಫ್ರೆಂಚ್ ಜೂರಾ’ ಅಥವಾ ‘ದಿ ಸ್ವಿಸ್ ಜೂರಾ’ ಎಂದು ಸ್ಪಷ್ಟಪಡಿಸಿಕೊಂಡರೆ ಮುಂದಿನ ದಾರಿ ಸುಗಮ.

ಭೂವಿಜ್ಞಾನದಲ್ಲಿ ಊರಿನ ಹೆಸರು ಯುಗದ ಹೆಸರೋ ಶಿಲೆಯ ಹೆಸರೋ ಆಗಿ ಬೇರೆ ದಾರಿ ಹಿಡಿಯುವುದು ಧಾರವಾಡದ ನಿಮಗೆ ಹೊಸದಲ್ಲ. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಈಗ ‘ಡಿ’ ಅಕ್ಷರದಿಂದ ಮುಗಿಸುತ್ತಾರೆ. ಆದರೆ ಜಗತ್ತಿನ ಭೂವಿಜ್ಞಾನಿಗಳು ಇಲ್ಲಿನ ಪುರಾತನ ಶಿಲಾ ನೆಲೆಗಟ್ಟನ್ನು ‘ಧಾರ್ವಾರ್ ಕ್ರೇಟಾನ್’ ಎಂದು ಕರೆಯುವಾಗ ಹಳೆಯ ‘ಆರ್’ ಅಕ್ಷರವನ್ನೇ ಉಳಿಸಿಕೊಂಡಿದ್ದಾರೆ. ಎರಡೂ ತಮ್ಮ ತಮ್ಮ ಜಾಗದಲ್ಲಿ ಸರಿಯೇ, ಒಂದರ ಜಾಗದಲ್ಲಿ ಇನ್ನೊಂದು ಸಲ್ಲದು.

ಪ್ರಶ್ನೆ: ಮಾನ್ಯರೇ, ನಾನು ಇಂಗ್ಲಿಷಿನಿಂದ ಕನ್ನಡಕ್ಕೂ ಕನ್ನಡದಿಂದ ಇಂಗ್ಲಿಷಿಗೂ ಅನುವಾದ ಮಾಡುತ್ತೇನೆ. ಪೂರ್ವ ಫ್ರಾನ್ಸಿನ ವೋಜ್ ಪರ್ವತಗಳ ಇಂಗ್ಲಿಷ್ ಹೆಸರು ‘ಎಸ್’ ಅಕ್ಷರದಿಂದ ಮುಗಿಯುತ್ತದೆ. ಅದು ಬಹುವಚನದ ‘ಎಸ್’ ಆಗಿದ್ದರೆ ಅದನ್ನು ಉಚ್ಚರಿಸಬೇಕೆ? ಅಲ್ಲಿನ ಒಂದು ಬೆಟ್ಟವನ್ನು ಏಕವಚನದಲ್ಲಿ ಹೇಗೆ ಹೇಳುವುದು? ಪ್ಯಾರಿಸ್ಸಿನ ‘ಪ್ಲಾಸ್ ದೆ ವೋಜ್’ ಚೌಕವನ್ನು ‘ವೋಜ್ ಸ್ಕ್ವೇರ್’ ಎಂದು ಬದಲಿಸಬಹುದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬರೆಯುವಾಗ ಬಹುವಚನ, ಉಚ್ಚರಿಸುವಾಗ ‘ಎಸ್’ ಮೌನ. ಫ್ರೆಂಚರು ‘ಲೇ ವೋಜ್’ ಎನ್ನುತ್ತಾರೆ. ಇಂಗ್ಲಿಷರೂ ‘ದಿ ವೋಜ್’ ಎಂದೇ ಹೇಳುತ್ತಾರೆ. ಕೊನೆಯ ಧ್ವನಿ ‘ಪ್ಲೆಷರ್’ ಎಂಬ ಪದದ ನಡುವೆ ಕೇಳುವ ಮೃದುವಾದ ಧ್ವನಿ; ನಮ್ಮ ‘ಜ’ಕಾರ ಅದಕ್ಕೆ ಹತ್ತಿರವೇ ಹೊರತು ಪೂರಾ ಸಮಾನವಲ್ಲ. ಕ್ರಿಯಾಪದ ಬಹುವಚನದಲ್ಲಿ ಬರಬೇಕು: ‘ದಿ ವೋಜ್ ಆರ್’. ಕಿವಿಗೆ ಬಹುವಚನ ಕೇಳಿಸದ ಕಾರಣ ‘ಈಸ್’ ಎಂದು ಬರೆದುಬಿಡುವವರಿದ್ದಾರೆ, ಅದು ಸರಿಯಲ್ಲ. ಒಂದೇ ಬೆಟ್ಟವನ್ನು ಹೇಳಬೇಕಾದಾಗ ‘ಎಸ್’ ಕಳಚಿ ಏಕವಚನ ಮಾಡಲು ಬರುವುದಿಲ್ಲ. ‘ಎ ಮೌಂಟನ್ ಇನ್ ದಿ ವೋಜ್’ ಎನ್ನಬೇಕು, ಇಲ್ಲವೇ ಆ ಬೆಟ್ಟದ ಹೆಸರನ್ನೇ ಹೇಳಬೇಕು. ಷಷ್ಠಿಯ ಅರ್ಥ ಬೇಕಾದಾಗಲೂ ಅಪಾಸ್ಟ್ರಫಿ ಹಚ್ಚಿ ತೊಡಕು ಮಾಡಿಕೊಳ್ಳುವ ಬದಲು ‘ಆಫ್ ದಿ ವೋಜ್’ ಎಂದು ಬರೆಯುವುದು ಅಂದ.

ಇಲ್ಲಿಯೂ ಮೇಲಿನ ಉತ್ತರದಲ್ಲಿ ಹೇಳಿದ ಎಚ್ಚರ ಬೇಕು. ವೋಜ್ ಎಂಬ ಹೆಸರಿನ ಡಿಪಾರ್ಟ್‌ಮೆಂಟ್ ಇದೆ, ಅದರ ಆಡಳಿತ ಕೇಂದ್ರ ಎಪಿನಾಲ್. ಆದರೆ ಶ್ರೇಣಿಯ ಅತ್ಯುನ್ನತ ಶಿಖರವಾದ 1,424 ಮೀಟರ್ ಎತ್ತರದ ಗ್ರಾಂ ಬಾಲೋಂ ಇರುವುದು ಅಲ್ಸಾಸ್ ಕಡೆಯ ಓ-ರಾಂ ಡಿಪಾರ್ಟ್‌ಮೆಂಟಿನಲ್ಲಿ. ನಮ್ಮ ನೆರೆಯ ನೀಲಗಿರಿಯನ್ನು ನೆನೆದರೆ ಇದು ಬೇಗ ಮನದಟ್ಟಾಗುತ್ತದೆ. ಕನ್ನಡದಲ್ಲಿ ನಾವು ನೀಲಗಿರಿ ಎಂದು ಏಕವಚನದಲ್ಲಿ ಹೇಳುವ ಬೆಟ್ಟಗಳನ್ನು ಇಂಗ್ಲಿಷರು ‘ದಿ ನೀಲ್‌ಗಿರೀಸ್’ ಎಂದು ಬಹುವಚನ ಮಾಡಿದರು. ತಮಿಳುನಾಡಿನ ಜಿಲ್ಲೆಯ ಅಧಿಕೃತ ಇಂಗ್ಲಿಷ್ ಹೆಸರಿನಲ್ಲಿಯೂ ಆ ‘ದಿ’ ಸೇರಿಕೊಂಡಿತು. ಆದರೆ ವೋಜ್ ಡಿಪಾರ್ಟ್‌ಮೆಂಟಿನ ಅಧಿಕೃತ ಹೆಸರಿನಲ್ಲಿ ಆರ್ಟಿಕಲ್ ಇಲ್ಲ. ಪಟ್ಟಿಯಲ್ಲೋ ನಕ್ಷೆಯಲ್ಲೋ ಬರೀ ‘ವೋಜ್’ ಎಂದು ಬರೆಯಬೇಕು. ವಾಕ್ಯದಲ್ಲಿ ‘ದಿ ವೋಜ್ ಡಿಪಾರ್ಟ್‌ಮೆಂಟ್’ ಎನ್ನಬೇಕು.

ಪ್ಯಾರಿಸ್ಸಿನ ಚೌಕದ ಹೆಸರನ್ನು ಮಾತ್ರ ಹಾಗೆಯೇ ಬಿಡಿ. ಬೀದಿ, ಚೌಕಗಳ ಹೆಸರನ್ನು ಇಂಗ್ಲಿಷಿನಲ್ಲಿ ಅನುವಾದಿಸುವುದಿಲ್ಲ. ಅನುವಾದಿಸಿದರೆ ಓದುಗರು ಅದನ್ನು ನಕ್ಷೆಯಲ್ಲಿ ಹುಡುಕಲಾರರು. ಆ ಹೆಸರಿಗೂ ಒಂದು ಹಿನ್ನೆಲೆಯಿದೆ. ಮೊದಲು ಅರಸರ ಕಾಲದಲ್ಲಿ ಪ್ಲಾಸ್ ರೊಯಾಲ್ ಎನಿಸಿದ್ದ ಆ ಚೌಕಕ್ಕೆ, ಕ್ರಾಂತಿಯ ಸೇನೆಗಾಗಿ ವಿಧಿಸಿದ ತೆರಿಗೆಯನ್ನು ಎಲ್ಲರಿಗಿಂತ ಮೊದಲು ಸಲ್ಲಿಸಿದ ಡಿಪಾರ್ಟ್‌ಮೆಂಟ್ ಎಂಬ ಗೌರವಕ್ಕಾಗಿ 1800ರಲ್ಲಿ ವೋಜ್ ಹೆಸರನ್ನಿಟ್ಟರು. ಅಂದರೆ ಅಲ್ಲಿರುವ ‘ವೋಜ್’ ಬೆಟ್ಟಗಳನ್ನಲ್ಲ, ಡಿಪಾರ್ಟ್‌ಮೆಂಟನ್ನು ಸೂಚಿಸುತ್ತದೆ. ಇದಕ್ಕೆ ಎದುರಾಗಿ ‘ವೋಜ್‌ನ ನೀಲಿ ರೇಖೆ’ ಎಂಬ ನುಡಿಗಟ್ಟಿನಲ್ಲಿರುವುದು ಬೆಟ್ಟಗಳೇ. 1871ರಲ್ಲಿ ಅಲ್ಸಾಸ್ ಜರ್ಮನಿಯ ಪಾಲಾಗಿ ಗಡಿರೇಖೆ ಈ ಬೆಟ್ಟಗಳ ನೆತ್ತಿಯ ಮೇಲೆಯೇ ಹಾದುಹೋದ ಬಳಿಕ, ಅಲ್ಲಿನ ಸೇಂ-ದಿಯೇ ಊರಿನಲ್ಲಿ ಹುಟ್ಟಿದ ರಾಜಕಾರಣಿ ಜೂಲ್ ಫೆರಿ, ಆ ನೀಲಿ ರೇಖೆಗೆ ಎದುರಾಗಿ ತನ್ನನ್ನು ಮಣ್ಣು ಮಾಡಬೇಕೆಂದು ಉಯಿಲಿನಲ್ಲಿ ಬರೆದ. ಅಂಥ ವಾಕ್ಯವನ್ನು ಇಂಗ್ಲಿಷಿಗೆ ತರುವಾಗ ‘ದಿ ಬ್ಲೂ ಲೈನ್ ಆಫ್ ದಿ ವೋಜ್’ ಎಂದು ಎರಡನೆಯ ‘ದಿ’ಯನ್ನು ಬಿಡದೆ ಬರೆಯಬೇಕು, ಬಿಟ್ಟರೆ ಬೆಟ್ಟ ಹೋಗಿ ಜಿಲ್ಲೆ ಉಳಿಯುತ್ತದೆ, ಮಾತಿನ ಜೀವವೂ ಹೋಗುತ್ತದೆ.

ಪ್ರಶ್ನೆ: ಮಧ್ಯ ಫ್ರಾನ್ಸಿನ ಜ್ವಾಲಾಮುಖಿ ಬೆಟ್ಟಗಳ ನಾಡಿಗೆ ಇಂಗ್ಲಿಷ್ ಪುಸ್ತಕಗಳಲ್ಲಿ ಕೆಲವೊಮ್ಮೆ ‘ಓವೆರ್ಞ್’ ಎಂದೂ ಕೆಲವೊಮ್ಮೆ ‘ದಿ ಓವೆರ್ಞ್’ ಎಂದೂ ಇರುತ್ತದೆ. ಯಾವುದನ್ನು ಒಪ್ಪಬೇಕು?
— ವಿದ್ಯಾರ್ಥಿಯೊಬ್ಬ, ತುಮಕೂರು

ಉತ್ತರ: ಎರಡನ್ನೂ ಒಪ್ಪಬಹುದು. ನಾಡಿನ ಚಹರೆ, ಬೆಟ್ಟ, ಹುಲ್ಲುಗಾವಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುವವರು ‘ದಿ’ ಹಚ್ಚುತ್ತಾರೆ. ಪ್ರಾಂತ ಅಥವಾ ಆಡಳಿತ ಪ್ರದೇಶ ಎಂಬ ಅರ್ಥದಲ್ಲಿ ಬರೆಯುವವರು ಬಿಡುತ್ತಾರೆ. ಒಂದು ಬರಹದೊಳಗೆ ಒಂದೇ ಅರ್ಥಕ್ಕೆ ಒಂದೇ ರೂಪವನ್ನು ಇಟ್ಟುಕೊಳ್ಳಿ. 2016ರಿಂದ ಆಡಳಿತ ಪ್ರದೇಶದ ಹೆಸರು ಓವೆರ್ಞ್-ರೋನ್-ಆಲ್ಪ್ ಎಂದಾಗಿದೆ, ಅದಕ್ಕೆ ‘ದಿ’ ಬೇಡ. ಹೈಫನ್ ವಿಷಯದಲ್ಲಿ ಮಾತ್ರ ಎಚ್ಚರ ತಪ್ಪಬೇಡಿ. ಅಲ್ಲಿನ 1,465 ಮೀಟರ್ ಎತ್ತರದ ಪ್ವಿ ದ ದೋಮ್ ಬೆಟ್ಟದ ಹೆಸರಿನಲ್ಲಿ ಪದಗಳು ಬಿಡಿಬಿಡಿಯಾಗಿರುತ್ತವೆ. ಪ್ವಿ-ದ-ದೋಮ್ ಡಿಪಾರ್ಟ್‌ಮೆಂಟಿನ ಹೆಸರಿನಲ್ಲಿ ಅವು ಹೈಫನ್ನಿನಿಂದ ಕೂಡಿರುತ್ತವೆ. ಫ್ರೆಂಚರ ಈ ಪದ್ಧತಿಯನ್ನು ಇಂಗ್ಲಿಷಿನಲ್ಲಿಯೂ ಉಳಿಸಿಕೊಂಡರೆ, ಬರೀ ಎರಡು ಸಣ್ಣ ಗೆರೆಗಳಿಂದ ಬೆಟ್ಟ ಯಾವುದು, ಜಿಲ್ಲೆ ಯಾವುದು ಎಂಬುದು ಗೊತ್ತಾಗುತ್ತದೆ. ‘ಮಾಸಿಫ್ ಸಾಂತ್ರಾಲ್’ ಎಂಬುದನ್ನು ಇಂಗ್ಲಿಷಿನಲ್ಲಿ ಪದಗಳ ಕ್ರಮ ತಿರುಗಿಸಿ ‘ಸೆಂಟ್ರಲ್ ಮ್ಯಾಸಿಫ್’ ಮಾಡುವುದೂ ಬೇಡ. ಫ್ರೆಂಚ್ ಕ್ರಮದಲ್ಲಿಯೇ, ಮುಂದೆ ‘ದಿ’ ಇಟ್ಟು ಬರೆಯುವುದು ರೂಢಿ.

ಪ್ರಶ್ನೆ: ಮಾನ್ಯರೇ, ನಾವು ಮೈಸೂರಿನವರು. ನನ್ನ ಪತಿಗೆ ಜಿನೀವಾದಲ್ಲಿ ಕೆಲಸ. ಮನೆ ಮಾತ್ರ ಗಡಿಯ ಈಚೆಗೆ, ಫ್ರಾನ್ಸಿನ ಊರೊಂದರಲ್ಲಿ. ನಮ್ಮ ಅತ್ತೆ, ಮಾವನವರನ್ನು ಕರೆಸಿಕೊಳ್ಳಲು ಇಂಗ್ಲಿಷಿನಲ್ಲಿ ಪತ್ರ ಸಿದ್ಧಪಡಿಸುವಾಗ ನಮ್ಮ ಪ್ರದೇಶದ ಹೆಸರನ್ನು ‘ಸವಾಯ್’ ಎನ್ನಬೇಕೋ ‘ಸಾವ್ವಾ’ ಎನ್ನಬೇಕೋ ತಿಳಿಯಲಿಲ್ಲ. ಪರಿಚಯದವರೊಬ್ಬರು ‘ಅಪ್ಪರ್ ಸವಾಯ್’ ಎಂದು ಬರೆಯಿರಿ ಎಂದರು. ‘ದಿ’ ಹಚ್ಚಬೇಕೇ ಎಂಬುದನ್ನೂ ತಿಳಿಸಿ.
— ಓದುಗರೊಬ್ಬರು, ಫ್ರಾನ್ಸ್

ಉತ್ತರ: ‘ದಿ’ ಬೇಡ. ಇದು ಪರ್ವತಗಳ ನಾಡೇ ಆದರೂ ಹೆಸರು ಪರ್ವತದ್ದಲ್ಲ, ಹಳೆಯ ರಾಜ್ಯದ್ದು. ನಾರ್ಮಂಡಿ, ಬ್ರಿಟನಿ, ಬರ್ಗಂಡಿ, ಪ್ರೊವಾನ್ಸ್‌ಗಳಂತೆ ಹಳೆಯ ಪ್ರಾಂತ, ರಾಜ್ಯಗಳ ಹೆಸರಿಗೆ ಫ್ರೆಂಚಿನಲ್ಲಿ ಆರ್ಟಿಕಲ್ ಇದ್ದರೂ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ‘ಲಾ ಸಾವ್ವಾ’ ಎಂಬುದನ್ನು ನೋಡಿ ‘ದಿ ಸವಾಯ್’ ಎಂದರೆ, ಲಂಡನ್ನಿನ ಪ್ರಸಿದ್ಧ ಹೋಟೆಲಿನ ಹೆಸರನ್ನು ಹೇಳಿದಂತಾಗುತ್ತದೆ.

ಇಂಗ್ಲಿಷಿನ ‘ಸವಾಯ್’ ಮತ್ತು ಫ್ರೆಂಚಿನ ‘ಸಾವ್ವಾ’ ಒಂದೇ ನಾಡಿನ ಹೆಸರುಗಳಾದರೂ ಬಳಕೆಯ ಜಾಗಗಳು ಬೇರೆ. 1416ರಲ್ಲಿ ಡಚಿಯಾದ (ಡ್ಯೂಕ್ ಆಳುವ ನಾಡಾದ), ಮುಂದೆ ಸಾರ್ಡೀನಿಯ ರಾಜ್ಯದ ಭಾಗವಾಗಿದ್ದ, ತನ್ನ ರಾಜವಂಶದಿಂದ ಇಟಲಿಗೆ 1946ರವರೆಗೂ ಅರಸರನ್ನು ಕೊಟ್ಟ ನಾಡನ್ನು ಕುರಿತು ಬರೆಯುವಾಗ ‘ಸವಾಯ್’ ಎಂಬ ಇಂಗ್ಲಿಷ್ ರೂಪವೇ ಸಹಜ: ‘ದಿ ಡಚಿ ಆಫ್ ಸವಾಯ್’, ‘ದಿ ಹೌಸ್ ಆಫ್ ಸವಾಯ್’. ಇಲ್ಲಿನ ‘ದಿ’ ಡಚಿಗೂ ಮನೆತನಕ್ಕೂ ಸೇರಿದ್ದು, ಸವಾಯ್‌ಗೆ ಅಲ್ಲ. 1860ರ ಮಾರ್ಚ್ 24ರ ಟ್ಯೂರಿನ್ ಒಪ್ಪಂದದಂತೆ ಈ ನಾಡು ಫ್ರಾನ್ಸಿಗೆ ಸೇರಿದಾಗ ಅದನ್ನು ಎರಡು ಡಿಪಾರ್ಟ್‌ಮೆಂಟ್‌ಗಳನ್ನಾಗಿ ಮಾಡಿದರು. ದಕ್ಷಿಣದ್ದು ಸಾವ್ವಾ, ಅದರ ಕೇಂದ್ರ ಶಾಂಬೆರಿ. ಉತ್ತರದ್ದು ಓತ್-ಸಾವ್ವಾ, ಅದರ ಕೇಂದ್ರ ಆನ್‌ಸಿ. ಇಂದಿನ ಆಡಳಿತ ಘಟಕಗಳಾದ ಈ ಎರಡಕ್ಕೂ ಇಂಗ್ಲಿಷ್ ಬರಹದಲ್ಲಿ ಫ್ರೆಂಚ್ ರೂಪಗಳನ್ನೇ ಬಳಸಬೇಕು. ಪರ್ವತದ ಹೆಸರನ್ನು ಇಂಗ್ಲಿಷಿನಲ್ಲಿ ‘ದಿ ಪಿರನೀಸ್’ ಎಂದು ಫ್ರೆಂಚಿನ ಸ್ವರಚಿಹ್ನೆಗಳಿಲ್ಲದೆ ಬರೆದರೂ, ಅದೇ ಹೆಸರಿನ ಡಿಪಾರ್ಟ್‌ಮೆಂಟ್‌ಗಳನ್ನು ಚಿಹ್ನೆ, ಹೈಫನ್‌ಗಳ ಸಮೇತ ಫ್ರೆಂಚಿನಲ್ಲಿರುವಂತೆಯೇ ಬರೆಯುವುದೂ ಈ ಕಾರಣಕ್ಕೇ.

ಜಿನೀವಾಕ್ಕೆ ದಿನವೂ ಹೋಗಿಬರುವವರು ಫ್ರಾನ್ಸಿನ ಎರಡು ಡಿಪಾರ್ಟ್‌ಮೆಂಟ್‌ಗಳಲ್ಲಿ ನೆಲೆಸಿರುತ್ತಾರೆ: ಒಂದು ಓತ್-ಸಾವ್ವಾ, ಇನ್ನೊಂದು ಮೊದಲ ಉತ್ತರದಲ್ಲಿ ಬಂದ ಆ್ಯಂ. ನಿಮ್ಮ ಪಿನ್ ಕೋಡ್ 74ರಿಂದ ಆರಂಭವಾಗುತ್ತಿದ್ದರೆ ನೀವಿರುವುದು ಓತ್-ಸಾವ್ವಾದಲ್ಲಿ; 73 ಸಾವ್ವಾದ ಸಂಖ್ಯೆ, 01 ಆ್ಯಂ ಡಿಪಾರ್ಟ್‌ಮೆಂಟಿನದು. ‘ಅಪ್ಪರ್ ಸವಾಯ್’ ಎಂಬ ಅನುವಾದ ಹಳೆಯ ಪುಸ್ತಕಗಳಲ್ಲಿ ಸಿಗಬಹುದಾದರೂ, ನಿಮ್ಮ ಬಾಡಿಗೆ ಕರಾರು, ವಿದ್ಯುತ್ ಬಿಲ್ಲುಗಳಲ್ಲಿ ಆ ಹೆಸರು ಇರುವುದಿಲ್ಲ. ಕರೆಯೋಲೆಯಲ್ಲಿ ಒಂದು ಹೆಸರು, ಜೊತೆಗಿಟ್ಟ ದಾಖಲೆಗಳಲ್ಲಿ ಇನ್ನೊಂದು ಹೆಸರು ಕಂಡರೆ ವೀಸಾ ಪರಿಶೀಲಿಸುವವರಿಗೆ ಅನಗತ್ಯ ಗೊಂದಲ. ವಯಸ್ಸಾದವರ ಪ್ರಯಾಣದ ವಿಷಯದಲ್ಲಿ ಅದಕ್ಕೆ ಆಸ್ಪದ ಕೊಡಬೇಡಿ. ಆದ್ದರಿಂದ ವಿಳಾಸದಲ್ಲಿ ಮನೆ ಸಂಖ್ಯೆ, ಬೀದಿ, ಪಿನ್ ಕೋಡ್, ಊರು, ಫ್ರಾನ್ಸ್ ಎಂದು ಬರೆಯಿರಿ. ಫ್ರೆಂಚ್ ವಿಳಾಸಕ್ಕೆ ಡಿಪಾರ್ಟ್‌ಮೆಂಟಿನ ಹೆಸರು ಬೇಕಾಗುವುದಿಲ್ಲ, ಪಿನ್ ಕೋಡೇ ಅದನ್ನು ಸೂಚಿಸುತ್ತದೆ. ಪತ್ರದ ಒಕ್ಕಣೆಯಲ್ಲಿ ಪ್ರದೇಶವನ್ನು ಹೇಳಲೇಬೇಕಾದರೆ ‘ಇನ್ ಓತ್-ಸಾವ್ವಾ, ಫ್ರಾನ್ಸ್, ನಿಯರ್ ಜಿನೀವಾ’ ಎಂದು, ಹೈಫನ್ ಉಳಿಸಿಕೊಂಡು, ‘ದಿ’ ಇಲ್ಲದೆ ಬರೆದರೆ ಸಾಕು.